ಕತ್ತು ಸರಿಹೋಯಿತು, ಸೊಂಟವನ್ನು ಕೇಳುವವರಾರು?

ಕತ್ತಿನ ಕೆಟ್ಟ ಡಿಸ್ಕ್ ತೆಗೆದು ಮೇಲಿನ, ಕೆಳಗಿನ ಮೂಳೆಗಳನ್ನು ಬೆಸೆಯಲು ಸರ್ಜನ್ನರು ಬಹುಕಾಲದಿಂದ ಕೈಹಾಕುತ್ತಿರುವುದು ರೋಗಿಯ ಸೊಂಟಕ್ಕೆ. ಬೆಲ್ಟು ಕೂರುವಲ್ಲಿ ಕೈಗೆ ತಾಗುವ ಮೂಳೆಯ ಅಂಚಿನಿಂದ ಒಂದು ತುಂಡು ತೆಗೆಯುತ್ತಾರೆ. ಅದರಲ್ಲಿ ಹೊಸ ಮೂಳೆ ಬೆಳೆಸುವ ಜೀವಕೋಶಗಳಿವೆ. ಸ್ವಂತದ್ದಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ.

ಆಪರೇಷನ್ ಗೆದ್ದಿತೇ ಎಂಬುದನ್ನು ಮಾತ್ರ ಹೆಚ್ಚಾಗಿ ಕತ್ತಿನ ಎಕ್ಸ್-ರೇ ನೋಡಿ ತೀರ್ಮಾನಿಸುತ್ತಾರೆ.

ಅಮೆರಿಕದ ಸಂಶೋಧಕರು ಸೊಂಟದ ಬಗ್ಗೆಯೂ ವಿಚಾರಿಸಿದರು. ‘ಸ್ಪೈನ್’ ಪತ್ರಿಕೆಯಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಶಸ್ತ್ರಚಿಕಿತ್ಸೆಯಾದ 134 ಮಂದಿಯನ್ನು ಸರಾಸರಿ ನಾಲ್ಕು ವರ್ಷಗಳ ನಂತರ ಪ್ರಶ್ನಿಸಲಾಗಿತ್ತು. ಶೇ 26ರಷ್ಟು ಮಂದಿಗೆ ಮೂಳೆ ತೆಗೆದ ಜಾಗ ಆಗಲೂ ನೋಯುತ್ತಿತ್ತು. ಶೇ 12.7ರಷ್ಟು ಮಂದಿಗೆ ನಡೆಯಲು ತೊಂದರೆ. ಶೇ 11.2ರಷ್ಟು ಮಂದಿ ಆ ನೋವಿಗೆಂದೇ ಮಾತ್ರೆ ನುಂಗುತ್ತಿದ್ದರು. ಸೊಂಟದ ಮುಂಭಾಗದಲ್ಲಿ ಹಾದು ತೊಡೆಯ ಹೊರಬದಿಗೆ ಇಳಿಯುವ ನರಕ್ಕೆ ಪೆಟ್ಟಾದರೆ ಅಲ್ಲಿ ಜೋಮು, ಉರಿ ಉಳಿದುಬಿಡಬಹುದು. ಅಪರೂಪಕ್ಕೆ ಮೂಳೆಯ ಅಂಚೇ ಮುರಿಯುವುದುಂಟು, ಹರ್ನಿಯಾ ಆಗುವುದುಂಟು.

ಎಲ್ಲ ನೋವಿಗೂ ಈ ಗಾಯವೇ ಕಾರಣ ಎನ್ನುವುದೂ ಸರಿಯಲ್ಲ. ಕೆಳಬೆನ್ನಿನ ಮೂಳೆಗಳ ಜೋಡಣೆಯಾದ 112 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ಬಂದ ವರದಿಯೊಂದು, ಸೊಂಟದ ಹಿಂಭಾಗದಿಂದ ಮೂಳೆ ತೆಗೆಸಿಕೊಂಡವರಿಗೂ ತೆಗೆಸಿಕೊಳ್ಳದವರಿಗೂ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದಿತು. ಅದೇ ವರ್ಷ ‘ದಿ ಸ್ಪೈನ್ ಜರ್ನಲ್’ ಇನ್ನೊಂದು ಮುಖವನ್ನು ತೋರಿಸಿತು: ಸೊಂಟದ ಮೂಳೆಗೆ ಬದಲಾಗಿ 2002ರಲ್ಲಿ ಅಮೆರಿಕದ ಅನುಮತಿ ಪಡೆದ, ಮೂಳೆ ಬೆಳೆಸುವ ಕೃತಕ ಪ್ರೋಟೀನಿನ ಅಪಾಯಗಳನ್ನು, ಅದನ್ನು ಮಾರುವ ಕಂಪನಿಯ ಹಣದಿಂದ ನಡೆದ ಅಧ್ಯಯನಗಳು ತೀರಾ ಕಡಿಮೆ ಮಾಡಿ ತೋರಿಸಿದ್ದವು. ರೋಗಿಯ ನೋವು ಮಾರಾಟದ ವಾದವಾದರೆ ಅದು ಇನ್ನೂ ದೊಡ್ಡ ಅನ್ಯಾಯ.

ಹಾಗಾಗಿ ಆಪರೇಷನ್ನಿಗೆ ಮೊದಲೇ ಸೊಂಟದ ನೋವನ್ನು ಕೇಳಿ ಬರೆದಿಡಬೇಕು, ವರ್ಷ ಕಳೆದ ಮೇಲೂ ಕೇಳಬೇಕು. ಚಿಕಿತ್ಸೆಯ ಅಪಾಯಗಳನ್ನೂ ಪರ್ಯಾಯಗಳನ್ನೂ ಹೇಳಿ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಹೇಳಿದೆ. ಸೊಂಟದ ಈ ಎರಡನೆಯ ಗಾಯವೂ ಆ ಒಪ್ಪಿಗೆಯೊಳಗೆ ಬರಬೇಕು. ಮೂಳೆಗಳ ನಡುವೆ ಇಡುವ ಕೇಜ್, ದಾನಿಯ ಮೂಳೆ, ಬೆನ್ನಿನ ಆಪರೇಷನ್ನಿನಲ್ಲಿ ಅಲ್ಲೇ ಸಿಗುವ ಮೂಳೆಯ ಚೂರು, ಇವು ಸಾಕಾಗುತ್ತವೆಯೇ ಎಂದು ಕೇಳುವ ಹಕ್ಕು ರೋಗಿಗಿದೆ. ಯಾವ ಬದಿಯ ಸೊಂಟದಿಂದ ಮೂಳೆ ತೆಗೆದರೆಂಬುದು ಡಿಸ್ಚಾರ್ಜ್ ಪತ್ರದಲ್ಲಿರಲಿ. ಮುಂದೆಂದೋ ತೊಡೆ ಜೋಮು ಹಿಡಿದು ಬೇರೆ ಊರಿನ ವೈದ್ಯರ ಬಳಿಗೆ ಹೋದಾಗ, ಇನ್ನೊಂದು ಸ್ಕ್ಯಾನ್ ಬರೆಯುವ ಮೊದಲು ಅವರಿಗೆ ಓದಲು ಆ ಸಾಲು ಸಿಗಬೇಕು.