ಕಲ್ಲಿದ್ದಲು ಕಟ್ಟಿದ ರಾಜಧಾನಿ

ಬ್ರಿಟನ್ನಿನಲ್ಲಿ 1801ರಲ್ಲಿ ಮೊದಲ ಜನಗಣತಿ ನಡೆದಾಗ ಕಾರ್ಡಿಫ್ ಎರಡು ಸಾವಿರ ಜನರೂ ಇಲ್ಲದ ಪುಟ್ಟ ಪೇಟೆ. ಟಾಫ್ ನದಿಯ ದಡದಲ್ಲೊಂದು ಹಳೆಯ ಕೋಟೆ, ಅದರ ಮಗ್ಗುಲಲ್ಲಿ ಕೆಲವು ಬೀದಿಗಳು, ಊರೆಂದರೆ ಅಷ್ಟೆ. ಅದೇ ಪೇಟೆ 1955ರಲ್ಲಿ ವೇಲ್ಸ್ ನಾಡಿನ ರಾಜಧಾನಿಯೆನಿಸಿತು. ಈ ಏಳಿಗೆಗೆ ಕಾರಣವಾದುದು ಉತ್ತರದ ಕಣಿವೆಗಳ ಒಡಲಲ್ಲಿ ಹುದುಗಿದ್ದ ಕಲ್ಲಿದ್ದಲು.

ಕೋಟೆಯ ಚರಿತ್ರೆಯಾದರೋ ಬಹು ಪುರಾತನವಾದುದು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ರೋಮನರು ಇಲ್ಲಿ ದಂಡು ಬಿಟ್ಟಿದ್ದರು. ಅವರ ನೆಲೆಯ ಮೇಲೆಯೇ ನಾರ್ಮನರು ದಿಬ್ಬವನ್ನೆಬ್ಬಿಸಿ ಕೋಟೆ ಕಟ್ಟಿದರು. ವಿಜಯಿ ವಿಲಿಯಂನ ಹಿರಿಯ ಮಗ ರಾಬರ್ಟನು ಸ್ವಂತ ತಮ್ಮನ ಸೆರೆಯಾಳಾಗಿ 1134ರಲ್ಲಿ ಕಣ್ಮುಚ್ಚಿದ್ದು ಇಲ್ಲಿಯೇ. ಇಂದು ಪ್ರವಾಸಿಗರು ಬೆರಗಾಗಿ ನೋಡುವ ಚಿನ್ನದ ಲೇಪದ ಚಾವಣಿಗಳು ಮಾತ್ರ ಅಷ್ಟು ಹಳೆಯವಲ್ಲ. ಬ್ಯೂಟ್ ಮನೆತನದ ಮೂರನೆಯ ಮಾರ್ಕ್ವಿಸನು ವಿಲಿಯಂ ಬರ್ಜೆಸ್ ಎಂಬ ಶಿಲ್ಪಿಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿಸಿದವು.

ಆ ಐಶ್ವರ್ಯದ ಮೂಲ ಬಂದರಿನಲ್ಲಿದೆ. ಅವನ ತಂದೆ 1839ರಲ್ಲಿ ಮೊದಲ ಹಡಗುಕಟ್ಟೆಯನ್ನು ತೆರೆಸಿದನು. ಎರಡು ವರ್ಷಗಳೊಳಗೆ ಕಣಿವೆಯಿಂದ ರೈಲು ಬಂದಿತು. 1913ರಲ್ಲಿ ಒಂದು ಕೋಟಿ ಟನ್ನಿಗೂ ಮಿಗಿಲಾದ ಕಲ್ಲಿದ್ದಲು ಇಲ್ಲಿಂದ ಹಡಗೇರಿತು. ಬಂದರಿನ ಚರಿತ್ರೆಯಲ್ಲಿ ಅದೇ ಪರಮಾವಧಿ.

ಅದೇ ವರ್ಷದ ಅಕ್ಟೋಬರ್ 14ರ ಬೆಳಗ್ಗೆ, ನಗರದ ಉತ್ತರಕ್ಕಿರುವ ಸೆಂಗ್‌ಹೆನಿಡ್ ಎಂಬ ಹಳ್ಳಿಯ ಗಣಿಯಲ್ಲಿ ಅನಿಲ ಸಿಡಿದು ಬೆಂಕಿ ಹಬ್ಬಿತು. 439 ಮಂದಿ ಕೆಲಸಗಾರರು ಮಡಿದರು. ಅವರಲ್ಲಿ ಹದಿಹರೆಯದ ಹುಡುಗರೂ ಇದ್ದರು. ಬ್ರಿಟನ್ನಿನ ಗಣಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ನಡೆದಿಲ್ಲ. ಸುರಕ್ಷತೆಯ ನಿಯಮಗಳನ್ನು ಮೀರಿದುದಕ್ಕಾಗಿ ಗಣಿಯ ಮ್ಯಾನೇಜರನಿಗೆ ವಿಧಿಸಲಾದ ದಂಡ 24 ಪೌಂಡು!

ಮುಂದೆ ಹಡಗುಗಳು ಎಣ್ಣೆಗೆ ಒಲಿದವು. ಕಲ್ಲಿದ್ದಲಿನ ಬೇಡಿಕೆ ಕುಗ್ಗಿತು. ವ್ಯಾಪಾರಿಗಳು ಗಿಜಿಗುಟ್ಟುತ್ತಿದ್ದ ಕೋಲ್ ಎಕ್ಸ್‌ಚೇಂಜ್ 1958ರಲ್ಲಿ ಬಾಗಿಲು ಮುಚ್ಚಿತು; 1964ರಲ್ಲಿ ಮೊದಲ ಹಡಗುಕಟ್ಟೆಯೂ ಮುಚ್ಚಿತು. ಇಳಿತದ ಹೊತ್ತಿನಲ್ಲಿ ಬರಿಯ ಕೆಸರು ಕಾಣುತ್ತಿದ್ದ ಕೊಲ್ಲಿಗೆ 1999ರಲ್ಲಿ ಅಡ್ಡಕಟ್ಟೆ ಮುಗಿದು, ಸುಮಾರು 200 ಹೆಕ್ಟೇರಿನ ಸಿಹಿನೀರಿನ ಸರೋವರವಾಯಿತು. ಅದರ ದಡದಲ್ಲಿ 2006ರಲ್ಲಿ ವೇಲ್ಸ್ ಜನತೆಯ ಶಾಸನಸಭೆಯ ಭವನ ತೆರೆಯಿತು.

ಆ ಭವನದ ಪಕ್ಕದಲ್ಲಿಯೇ 1897ರ ಕೆಂಪು ಕಟ್ಟಡವೊಂದಿದೆ. ಪಿಯರ್‌ಹೆಡ್ ಎಂದು ಅದರ ಹೆಸರು. ಹಡಗುಕಟ್ಟೆಗಳ ಕಂಪೆನಿಯ ಕಚೇರಿ ಅಲ್ಲಿತ್ತು. ಕಂಪೆನಿಯ ಧ್ಯೇಯವಾಕ್ಯವನ್ನು ಗೋಡೆಯ ಮೇಲೆ ವೇಲ್ಸ್ ಭಾಷೆಯಲ್ಲಿ ಕೆತ್ತಲಾಗಿದೆ: ‘ನೀರಿನಿಂದ, ಬೆಂಕಿಯಿಂದ’ ಎಂದು ಅದರ ಅರ್ಥ. ಕೆತ್ತಿಸಿದವರ ಮನಸ್ಸಿನಲ್ಲಿದ್ದುದು ಉಗಿಯಂತ್ರವಿರಬೇಕು. ಕಣಿವೆಯ ಮನೆಮಂದಿಗೆ ಆ ಎರಡನೆಯ ಮಾತು ಬೇರೆಯೇ ಬೆಂಕಿಯನ್ನು ನೆನಪಿಗೆ ತಂದೀತು.