ಓಟಗಾರನ ಕಾಲು, ಗುರುವಿನ ಕೈ

ಮೈಸೂರಿನಿಂದ ಹುಣಸೂರನ್ನು ದಾಟಿ ಕೊಡಗಿನತ್ತ ಸಾಗುವ ಹಾದಿಯಲ್ಲಿ, ಆನೆಚೌಕೂರಿನ ಕಾಡನ್ನು ಕಳೆದ ಮೇಲೆ ಸಿಗುವ ಊರು ತಿತಿಮತಿ. ಕಾಫಿ ತೋಟಗಳ ತಂಪು, ಏರಿಳಿತದ ದಾರಿ. ಓಟ ಕಲಿಯಲು ಇದಕ್ಕಿಂತ ಒಳ್ಳೆಯ ನೆಲವುಂಟೆ ಎಂದು ದಾರಿಹೋಕನಿಗೆ ತೋರುವುದು ಸಹಜ. ಆದರೆ ಇಲ್ಲಿ ಓಟ ಕಲಿಸಹೊರಟವನ ಮೊದಲ ಪಾಠವೇ ಬೇರೆ. ನಸುಕಿನಲ್ಲಿ ಹುಡುಗರನ್ನು ರಸ್ತೆಗಿಳಿಸುವಂತಿಲ್ಲ. ತೋಟಕ್ಕೆ ನುಗ್ಗಿದ ಕಾಡಾನೆಗಳು ಹಿಂದಿರುಗುವ ಹೊತ್ತು ಅದು. ಗಡಿಯಾರವನ್ನಲ್ಲ, ಆನೆಯನ್ನು ನೋಡಿ ವೇಳಾಪಟ್ಟಿ ಬರೆಯಬೇಕು!

ಸಮೀಪದ ಗೋಣಿಕೊಪ್ಪಲಿನಲ್ಲಿ ಹುಟ್ಟಿದ ಎಂ. ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕ್ರೀಡೆಗಳಲ್ಲಿ ರಿಲೇ ಓಟದ ಚಿನ್ನ ತಂದರು. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಶ್ವಿನಿ ನಾಚಪ್ಪ ಅದೇ ಊರಿನ ಬಳಿ ಕ್ರೀಡೆಗೂ ಸ್ಥಾನವಿರುವ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಓಡಿದವರ ಹೆಸರು ಮನೆಮನೆಗೂ ಗೊತ್ತು. ಓಡಿಸಿದವರ ಹೆಸರು ಯಾರ ನಾಲಗೆಯ ಮೇಲಿದೆ?

ಕೊಡಗಿನ ಗಡಿಯಾಚೆಯ ಕಣ್ಣೂರಿನ ಕ್ರೀಡಾಶಾಲೆಯಲ್ಲಿ ಪಿ. ಟಿ. ಉಷಾ ಎಂಬ ಬಾಲೆಯನ್ನು ಗುರುತಿಸಿ ಬೆಳೆಸಿದವರು ಓ. ಎಂ. ನಂಬಿಯಾರ್. ವಾಯುಪಡೆಯಲ್ಲಿದ್ದವರು, 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿನ ವಿದ್ಯೆ ಕಲಿತವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾ ಕ್ಷಣದ ನೂರನೆಯ ಒಂದು ಪಾಲಿನಲ್ಲಿ ಕಂಚನ್ನು ಕಳೆದುಕೊಂಡಾಗ, ಆ ನೋವು ಶಿಷ್ಯೆಯದಷ್ಟೇ ಗುರುವಿನದೂ ಆಗಿತ್ತು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪಿತವಾದಾಗ ಮೊದಲಿಗರಲ್ಲಿ ಅವರೂ ಒಬ್ಬರಾದರು.

ಇಂದು ತರಬೇತುದಾರನಾಗಬಯಸುವ ಯುವಕನು ಪಟಿಯಾಲದ ಡಿಪ್ಲೊಮಾದೊಂದಿಗೆ ಅಂಗಮರ್ದನವನ್ನೂ ಕಲಿತರೆ ಲೇಸು. ಇದು ನಮ್ಮವರಿಗೆ ಹೊಸದಲ್ಲ. ಮೈಸೂರಿನ ಗರಡಿಗಳಲ್ಲಿ ಉಸ್ತಾದರ ಕಣ್ಣೆದುರು ಪೈಲ್ವಾನರು ಒಬ್ಬರಿಗೊಬ್ಬರು ಎಣ್ಣೆ ತಿಕ್ಕುವುದನ್ನು ಕಂಡವರು ಬಹಳ ಮಂದಿ. ಆದರೆ ಈ ವಿದ್ಯೆಯ ಸುತ್ತ ಹಬ್ಬಿದ ಮಾತೆಲ್ಲ ನಿಜವಲ್ಲ. ಓಟದಲ್ಲಿ ಸ್ನಾಯುವಿನೊಳಗೆ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಮಾಲೀಸು ಹಿಂಡಿ ತೆಗೆಯುತ್ತದೆಂಬುದು ಹಳೆಯ ನಂಬಿಕೆ. ಅದು ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಕರಗುತ್ತದೆ. ಮರುದಿನ, ಅದರ ಮರುದಿನ ಕಾಡುವ ಮೈನೋವನ್ನು ಮಾಲೀಸು ಸ್ವಲ್ಪ ತಗ್ಗಿಸಬಲ್ಲುದು. ಓಟದ ವೇಗವನ್ನು ಅದು ಹೆಚ್ಚಿಸುವುದೆಂಬುದಕ್ಕೆ ಆಧಾರ ಸಾಲದು.

ಹಾಗಾದರೆ ಕಲಿಯುವುದೇಕೆ? ಕೈಗೆ ತಿಳಿಯುವುದು ಸ್ಟಾಪ್‌ವಾಚಿಗೆ ತಿಳಿಯದೆಂಬುದಕ್ಕಾಗಿ. ಯಾವ ಕಾಲು ಬಿಗಿದಿದೆ, ಯಾವ ಹುಡುಗ ನೋವನ್ನು ಅಡಗಿಸಿಟ್ಟಿದ್ದಾನೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಎಲ್ಲಿ ಕೈಯಿಡಬಾರದೆಂಬ ಅರಿವು ಬರುತ್ತದೆ. ಆಗತಾನೇ ಹರಿದ ಸ್ನಾಯುವನ್ನು ತಿಕ್ಕಿದರೆ ಕೇಡು. ಜ್ವರವಿದ್ದಾಗಲೂ, ಕಾರಣವಿಲ್ಲದೆ ಮೀನಖಂಡ ಊದಿ ಬಿಸಿಯಾದಾಗಲೂ ಮುಟ್ಟಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಎಲ್ಲಕ್ಕಿಂತ ಕಠಿಣವಾದುದು ಮೂಳೆಯ ನೋವು. ಬೆಳೆಯುವ ಹುಡುಗಿಯೊಬ್ಬಳು ಪಂದ್ಯಕ್ಕೆ ಎರಡು ವಾರವಿರುವಾಗ ಮೊಣಕಾಲ ಕೆಳಗೆ ನೋವೆನ್ನುತ್ತಾಳೆ. ನೋವು ಸ್ನಾಯುವಿನುದ್ದಕ್ಕೂ ಹರಡಿದ್ದರೆ ಚಿಂತೆ ಕಡಮೆ. ಮುಂಭಾಗದ ಮೂಳೆಯ ಮೇಲೆ, ಬೆರಳ ತುದಿಯಷ್ಟೇ ಜಾಗದಲ್ಲಿ ಒತ್ತಿದಾಗ ಆಕೆ ಚೀರಿದರೆ, ಕೂದಲೆಳೆಯಂಥ ಬಿರುಕಿರಬಹುದು. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋದೀತು. ತಾಯಿತಂದೆಯರು, “ಸ್ವಲ್ಪ ಎಣ್ಣೆ ಹಚ್ಚಿ ನೀವಿಬಿಡಿ ಸಾರ್, ಓಡಲಿ” ಎನ್ನುತ್ತಾರೆ. ಹುಡುಗಿಯ ಕಣ್ಣಲ್ಲಿ ನೀರು. ಆಗ ಎಣ್ಣೆಯ ಬಟ್ಟಲನ್ನು ಮುಚ್ಚಿಟ್ಟು, ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದು, ಆರೆಂಟು ವಾರ ಓಟವಿಲ್ಲವೆಂದು ಹೇಳಬೇಕಾದವನು ಅವನೇ.