ಮರಳಿ ಬಂದವನ ಚಿತ್ರ

ಪುಣೆ ಜಿಲ್ಲೆಯ ಇಂದಾಪುರ ಕರ್ನಾಟಕಕ್ಕೆ ಹರಿದು ಬರುವ ಭೀಮೆಯ ಸೀಮೆಯ ಊರು. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಇಲ್ಲಿಯ ಕಾಳಗದಲ್ಲಿ ಮಡಿದನೆಂಬ ನೆನಪು ಆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ. ಅಂದು ಗಾಯಗೊಂಡು ಮನೆಗೆ ಮರಳಿದವರೂ ಇದ್ದಿರಲೇಬೇಕು, ಅವರನ್ನು ನೆನೆಯುವವರಿಲ್ಲ.

ನಮ್ಮ ವೀರಗಲ್ಲುಗಳ ಮಾತೂ ಇದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಈ ಶಿಲ್ಪಕ್ರಮದಲ್ಲಿ ಸತ್ತವನಿಗೆ ಸ್ವರ್ಗವುಂಟು. ಊನಗೊಂಡ ತೋಳಿನೊಡನೆ ಮನೆಯ ಬಾಗಿಲಿಗೆ ಬಂದು ನಿಂತವನಿಗೆ ಪಟ್ಟಿಕೆಯಿಲ್ಲ. ಹಾಗಾದರೆ ಅವನ ಕಥೆಯನ್ನು ಯಾರು ಬರೆಯಬೇಕು? ಅವನೇ ಬರೆಯಬೇಕು ಎಂಬುದಕ್ಕೆ ಅಮೆರಿಕದ ಕಪ್ಪು ಜನಾಂಗದ ಚಿತ್ರಕಾರ ಹೊರೇಸ್ ಪಿಪ್ಪಿನ್ (1888–1946) ನಿದರ್ಶನವಾಗಿದ್ದಾನೆ.

ಬಾಲ್ಯದಿಂದಲೂ ಚಿತ್ರ ಬರೆಯುತ್ತಿದ್ದ ಪಿಪ್ಪಿನ್ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿದ್ದ. 1918ರಲ್ಲಿ ಅವನ ಬಲಭುಜಕ್ಕೆ ಗುಂಡು ತಗುಲಿತು. ಆ ತೋಳನ್ನು ಮೇಲೆತ್ತುವುದು ಮುಂದೆಂದೂ ಸಾಧ್ಯವಾಗಲಿಲ್ಲ. ವರ್ಷಗಳ ತರುವಾಯ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಹಲಗೆಯ ಮೇಲೆ ಸುಟ್ಟು ರೇಖೆಗಳನ್ನು ಮೂಡಿಸತೊಡಗಿದ. ಬಳಿಕ ಬಲಗೈಗೆ ಎಡಗೈಯ ಆಸರೆ ಕೊಟ್ಟು ತೈಲವರ್ಣಕ್ಕೆ ಕೈಹಾಕಿದ. ‘ಯುದ್ಧದ ಅಂತ್ಯ: ಮನೆಯತ್ತ ಪಯಣ’ ಎಂಬರ್ಥದ ಹೆಸರಿನ ಚಿತ್ರಕ್ಕೆ 1930ರಿಂದ ಸುಮಾರು ಮೂರು ವರ್ಷ ಹಿಡಿಯಿತು. ಬಣ್ಣದ ಮೇಲೆ ಬಣ್ಣ ಬಳಿದು ದಪ್ಪವಾದ ಆ ಚಿತ್ರದ ಚೌಕಟ್ಟಿನಲ್ಲಿ ಶಿರಸ್ತ್ರಾಣ, ಕೈಬಾಂಬುಗಳ ಉಬ್ಬುರೂಪಗಳಿವೆ. ಹೆಸರಿನಲ್ಲಿ ಮನೆಯುಂಟು, ಚಿತ್ರದಲ್ಲಿ ಇರುವುದು ರಣರಂಗ ಮಾತ್ರ. ಮರಳಿ ಬಂದವನು ಪೂರ್ತಿಯಾಗಿ ಮರಳಿರುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

1938ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಪ್ರದರ್ಶನವೊಂದರಲ್ಲಿ ಅವನ ನಾಲ್ಕು ಕೃತಿಗಳು ಸೇರಿದವು. ಇಂಥ ಕಲಾವಿದರನ್ನು ಕುರಿತು ನಾವು ಆಡುವ ಮೊದಲ ಮಾತು ‘ಪಾಪ’ ಎಂಬುದು. ಎರಡನೆಯದು ‘ಆದರೂ ಎಷ್ಟು ಚೆನ್ನಾಗಿದೆ’ ಎಂಬುದು. ಎರಡೂ ವಿಮರ್ಶೆಯಲ್ಲ. ನಮ್ಮ ಕಾವ್ಯಮೀಮಾಂಸೆ ಪ್ರತಿಭೆ, ವ್ಯುತ್ಪತ್ತಿಗಳ ಜೊತೆಗೆ ಅಭ್ಯಾಸವನ್ನೂ ಕಾವ್ಯಹೇತುವೆಂದು ಎಣಿಸಿದೆ. ಅಭ್ಯಾಸವೆಂದರೆ ಬರಿಯ ಪುನರಾವೃತ್ತಿಯಲ್ಲ. ಕಳೆದುಹೋದ ಕೈಚಳಕದ ಜಾಗದಲ್ಲಿ ಬೇರೊಂದನ್ನು ಕಟ್ಟಿಕೊಳ್ಳುವುದೂ ಅಭ್ಯಾಸವೇ ಎಂದು ಪಿಪ್ಪಿನ್ ತೋರಿಸಿಕೊಟ್ಟ. ಗಾಯ ಅವನ ಚಿತ್ರಕ್ಕೆ ಕೇವಲ ವಸ್ತುವಾಗಲಿಲ್ಲ. ನಿಧಾನವಾಗಿ, ಪದರುಪದರಾಗಿ ಬೆಳೆಯುವ ಅದರ ರೂಪವನ್ನೂ ನಿರ್ಧರಿಸಿತು.

ಇದು ದೂರದ ಮಾತೂ ಅಲ್ಲ. ಇಂದಾಪುರವಿರುವ ಪುಣೆ ಜಿಲ್ಲೆಯಲ್ಲಿಯೇ, ಖಡ್ಕಿಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಆರಂಭವಾದ ಪುನರ್ವಸತಿ ಕೇಂದ್ರವಿದೆ. ಬಾಯಲ್ಲಿ ಕುಂಚ ಹಿಡಿದು ಬರೆಯುವುದನ್ನು ಅಲ್ಲಿಯ ಕೆಲವರು ಸಾಧಿಸಿಕೊಂಡಿದ್ದಾರೆ. ಅವರ ಚಿತ್ರಗಳ ಮುಂದೆ ನಿಂತಾಗ ನಾವು ನೋಡಬೇಕಾದುದು ಕುಂಚ ಹಿಡಿದ ಬಾಯನ್ನಲ್ಲ, ಮೂಡಿದ ರೇಖೆಯನ್ನು.

ನಮ್ಮ ಕನ್ನಡ ವಿಭಾಗಗಳು ಊರೂರು ಸುತ್ತಿ ವೀರಗಲ್ಲುಗಳನ್ನು ಓದಿವೆ. ಆ ಕೆಲಸ ಮುಂದುವರಿಯಲಿ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ‘ಈ ಊರಿಗೆ ಯುದ್ಧದಿಂದ ಮರಳಿ ಬಂದವರು ಯಾರು? ಬಂದ ಮೇಲೆ ಅವರು ಏನು ಮಾಡಿದರು?’ ಕಲ್ಲು ಬಿಟ್ಟುಬಿಟ್ಟ ಆ ಪಟ್ಟಿಕೆಯನ್ನು ತುಂಬುವ ಹೊಣೆ ನಮ್ಮದು.